ಪಾವಗಡದ ಮೊದಲಕ್ಷರ, ಜಪಾನಿನ ಯೆನ್ ಗುರುತು

ಹಳೆಯ ನುಡಿ ಫಾಂಟಿನಲ್ಲಿ ‘ಪಾವಗಡ’ ಎಂದು ಟೈಪು ಮಾಡಿಟ್ಟ ಕಡತವನ್ನು ಆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಮೊದಲು ಕಣ್ಣಿಗೆ ಬೀಳುವುದು ಜಪಾನಿನ ಹಣದ ಗುರುತು, ವೈ ಅಕ್ಷರಕ್ಕೆ ಎರಡು ಅಡ್ಡಗೆರೆ ಎಳೆದ ಯೆನ್. ‘ಶಿರಾ’ ಎಂದಿದ್ದಲ್ಲಿ ವರ್ಗಸಂಖ್ಯೆ ಬರೆಯುವಾಗ ತಲೆಯ ಮೇಲೆ ಕೂರಿಸುವ ಪುಟ್ಟ ಎರಡು ಕಾಣುತ್ತದೆ. ‘ಮಧುಗಿರಿ’ ಮೇಲಕ್ಕೇರಿದ ಪುಟ್ಟ ಎ ಅಕ್ಷರದಿಂದ, ‘ಕೊರಟಗೆರೆ’ ಇಂಗ್ಲಿಷಿನ ದೊಡ್ಡ ಪಿ ಅಕ್ಷರದಿಂದ ಶುರುವಾಗುತ್ತವೆ. ಈ ನಾಲ್ಕು ತಾಲ್ಲೂಕುಗಳು ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆ. ಶಾಲೆಯಿಂದ ಕ್ಷೇತ್ರ ಶಿಕ್ಷಣಾಧಿಕಾರಿಗೆ, ಅಲ್ಲಿಂದ ಉಪನಿರ್ದೇಶಕರಿಗೆ, ಗ್ರಾಮ ಪಂಚಾಯಿತಿಯಿಂದ ತಾಲ್ಲೂಕು ಪಂಚಾಯಿತಿಗೆ, ಡಿಟಿಪಿ ಅಂಗಡಿಯಿಂದ ಮುದ್ರಣಾಲಯಕ್ಕೆ ಕನ್ನಡದ ಕಡತಗಳು ಓಡಾಡುವ ಇಂಥ ಕಡೆಗಳಲ್ಲಿ ‘ಅಕ್ಷರ ಒಡೆದಿದೆ’, ‘ಡಬ್ಬಿ ಡಬ್ಬಿ ಬರ್ತಿದೆ’, ‘ಫಾಂಟ್ ಹಾಕ್ಸಿ’ ಎನ್ನುವ ಮಾತುಗಳು ಕಂಪ್ಯೂಟರಿನಷ್ಟೇ ಹಳೆಯವು. ಪರಿಹಾರಗಳೂ ಅಷ್ಟೇ ಹಳೆಯವು: ಮೊದಲಿಂದ ಟೈಪು ಮಾಡುವುದು, ಅಚ್ಚು ತೆಗೆದು ಸ್ಕ್ಯಾನ್ ಮಾಡಿ ಕಳಿಸುವುದು, ಕೊನೆಗೆ ಕಂಪ್ಯೂಟರನ್ನೇ ಫಾರ್ಮ್ಯಾಟ್ ಮಾಡಿಸಿ ವಿಂಡೋಸನ್ನು ಹೊಸದಾಗಿ ಹಾಕಿಸುವುದು. ಇವುಗಳಲ್ಲಿ ಯಾವುದೂ ರೋಗ ಇರುವ ಜಾಗಕ್ಕೆ ಮದ್ದು ಹಚ್ಚುವುದಿಲ್ಲ. ರೋಗ ಎಲ್ಲಿದೆ ಎಂದು ತಿಳಿಯಲು ನಮಗಿಂತ ಮೊದಲು ಇದೇ ಕಷ್ಟ ಅನುಭವಿಸಿದ ಪೂರ್ವ ಏಷ್ಯಾದ ಕಡೆ ನೋಡುವುದು ಒಳ್ಳೆಯದು. ಅಲ್ಲಿ ಅಕ್ಷರ ಕೆಟ್ಟರೆ ವಿಂಡೋಸಿನ ಒಂದು ಸೆಟ್ಟಿಂಗ್ ಬದಲಿಸಿ ಸರಿಮಾಡಬಹುದಿತ್ತು. ನಮ್ಮ ಹಳೆಯ ಕಡತಗಳಿಗೆ ಅಂಥ ಸೆಟ್ಟಿಂಗ್ ಇಲ್ಲ, ಮುಂದೆಯೂ ಬರುವುದಿಲ್ಲ. ಅವು ಕನ್ನಡದ ಕಡತಗಳು ಎಂದು ವಿಂಡೋಸಿಗೆ ಯಾರೂ ಯಾವತ್ತೂ ಹೇಳಲೇ ಇಲ್ಲ. ಆದ್ದರಿಂದ ನಾವು ತಿದ್ದಬೇಕಾದದ್ದು ಯಂತ್ರವನ್ನಲ್ಲ, ಬರಹವನ್ನು.

ಜಪಾನಿನ ವಿಂಡೋಸ್ ಆವೃತ್ತಿಯಲ್ಲಿ ಒಂದು ವಿಚಿತ್ರವಿದೆ. ಕಡತದ ವಿಳಾಸ ಬರೆಯುವಾಗ ಒಂದು ಫೋಲ್ಡರಿನ ಹೆಸರಿಗೂ ಇನ್ನೊಂದಕ್ಕೂ ನಡುವೆ ನಾವು ಹಿಂದಕ್ಕೆ ವಾಲಿದ ಗೀಟನ್ನು ಕಾಣುತ್ತೇವೆ. ಜಪಾನಿಯರು ಅಲ್ಲಿ ಯೆನ್ ಗುರುತನ್ನು ಕಾಣುತ್ತಾರೆ, ಕೊರಿಯಾದವರು ತಮ್ಮ ನಾಣ್ಯ ವೊನ್‌ನ ಗುರುತನ್ನು. ಕಾರಣ ಬಹಳ ಹಳೆಯದು. 1969ರಲ್ಲಿ ಜಪಾನ್ ತನ್ನ ಮೊದಲ ಸಂಕೇತ ಪಟ್ಟಿಯನ್ನು ರೂಪಿಸಿದಾಗ, ಅಮೆರಿಕದ ಪಟ್ಟಿಯಲ್ಲಿ ಹಿಂದಕ್ಕೆ ವಾಲಿದ ಗೀಟಿಗೆ ಮೀಸಲಾಗಿದ್ದ 92ನೇ ಸ್ಥಾನವನ್ನು ಯೆನ್‌ಗೆ ಕೊಟ್ಟಿತು. ಯಂತ್ರಕ್ಕೆ ಅದು 92 ಎಂಬ ಸಂಖ್ಯೆ ಮಾತ್ರ, ಚಿತ್ರ ಬೇರೆ. ಈಗ ಪಾವಗಡಕ್ಕೆ ಬನ್ನಿ. ನುಡಿಯ ಫಾಂಟಿನಲ್ಲಿ 165ನೇ ಸ್ಥಾನದಲ್ಲಿ ‘ಪ’ದ ಚಿತ್ರವಿದೆ; ವಿಂಡೋಸಿನ ಪಶ್ಚಿಮ ಯುರೋಪ್ ಪಟ್ಟಿಯಲ್ಲಿ ಅದೇ ಸ್ಥಾನ ಯೆನ್‌ನದು. ಎರಡೂ ಕಡೆ ಒಂದು ಸಂಖ್ಯೆಯ ಮೇಲೆ ಬೇರೊಂದು ಚಿತ್ರ ಹೊದಿಸಿದ್ದಾರೆ. ಮೇಲುನೋಟಕ್ಕೆ ಒಂದೇ ಉಪಾಯ. ವ್ಯತ್ಯಾಸವೆಂದರೆ ಜಪಾನ್ ಅದನ್ನು ರಾಷ್ಟ್ರೀಯ ಪಟ್ಟಿಯಲ್ಲಿ ಬರೆದು ಲೋಕಕ್ಕೆಲ್ಲ ತಿಳಿಸಿತು, ಕಂಪ್ಯೂಟರ್ ತಯಾರಕರು ಅದನ್ನು ವ್ಯವಸ್ಥೆಯೊಳಗೆ ನೋಂದಾಯಿಸಿಕೊಂಡರು. ನಮ್ಮಲ್ಲಿ ಆ ಗುಟ್ಟು ಗೊತ್ತಿದ್ದದ್ದು ಫಾಂಟಿಗೆ ಮಾತ್ರ.

ನೋಂದಣಿಯಿಂದ ಏನು ಸಿಕ್ಕಿತು ಎಂಬುದೇ ಇಲ್ಲಿ ಮುಖ್ಯ. ಜಪಾನ್ 1978ರಲ್ಲಿ ಸಾವಿರಾರು ಕಾಂಜಿ ಅಕ್ಷರಗಳ ಪಟ್ಟಿ ಹೊರತಂದಿತು, ಚೀನಾ 1980ರಲ್ಲಿ, ಕೊರಿಯಾ 1987ರಲ್ಲಿ. ಇವನ್ನು ಆಧರಿಸಿ ವಿಂಡೋಸ್ ತನ್ನೊಳಗೆ ಕೋಡ್ ಪೇಜ್ ಎಂಬ ಕೋಷ್ಟಕಗಳನ್ನು ಇಟ್ಟುಕೊಂಡಿತು. ಜಪಾನಿಗೆ 932, ಸರಳ ಚೀನಿಗೆ 936, ಕೊರಿಯಾದ ನುಡಿಗೆ 949, ತೈವಾನಿನ ಸಾಂಪ್ರದಾಯಿಕ ಚೀನಿಗೆ 950. ಎಲ್ಲ ಭಾಷೆಗಳಿಗೂ ಒಂದೇ ಪಟ್ಟಿಯಾದ ಯೂನಿಕೋಡ್ ತಿಳಿಯದ ಹಳೆಯ ಪ್ರೋಗ್ರಾಮು ಎದುರಾದಾಗ ಈ ಕೋಷ್ಟಕಗಳಲ್ಲಿ ಯಾವುದನ್ನು ಬಳಸಬೇಕು ಎಂದು ಹೇಳಲು ಕಂಟ್ರೋಲ್ ಪ್ಯಾನೆಲ್‌ನ ರೀಜನ್ ಕಿಟಕಿಯಲ್ಲಿ ಅಡ್ಮಿನಿಸ್ಟ್ರೇಟಿವ್ ಎಂಬ ಪುಟವಿದೆ. ಅಲ್ಲಿ ಸಿಸ್ಟಂ ಲೊಕೇಲ್ ಬದಲಿಸಿ, ಕಂಪ್ಯೂಟರನ್ನು ಒಮ್ಮೆ ಮುಚ್ಚಿ ತೆರೆದರೆ, ನಿನ್ನೆ ಕಸವಾಗಿ ಕಂಡ ಜಪಾನಿ ಪ್ರೋಗ್ರಾಮಿನ ಅಕ್ಷರಗಳು ಇಂದು ನೆಟ್ಟಗಾಗುತ್ತವೆ. ಹೀಗೆ ಕೆಟ್ಟ ಅಕ್ಷರಕ್ಕೆ ಜಪಾನಿಯರು ಮೊಜಿಬಾಕೆ ಎಂದು ಹೆಸರಿಟ್ಟಿದ್ದಾರೆ; ವೇಷ ಬದಲಿಸಿದ ಅಕ್ಷರ ಎಂದು ಅರ್ಥ. ಒಳಗಿನ ಬರಹ ಹಾಗೆಯೇ ಇದೆ, ನೋಡುವ ಕನ್ನಡಕ ತಪ್ಪಾಗಿದೆ ಎಂಬ ತಿಳಿವಳಿಕೆ ಆ ಹೆಸರಿನಲ್ಲೇ ಇದೆ. ಅಲ್ಲಿ ಎಲ್ಲ ಸಲೀಸಾಗಿತ್ತು ಎಂದಲ್ಲ. ಜಪಾನಿಯಲ್ಲಿ ‘ಸಾಫ್ಟ್‌ವೇರ್’ ಎಂದು ಬರೆಯಲು ಬೇಕಾದ ಮೊದಲಕ್ಷರ ಎರಡು ಸಂಖ್ಯೆಗಳ ಜೋಡಿ, ಅದರಲ್ಲಿ ಎರಡನೆಯದು ಅದೇ 92. ಅಜಾಗರೂಕತೆಯಿಂದ ಬರೆದ ಪ್ರೋಗ್ರಾಮುಗಳು ಅದನ್ನು ಫೋಲ್ಡರಿನ ಗಡಿ ಎಂದು ತಿಳಿದು ಹೆಸರನ್ನು ಅರ್ಧಕ್ಕೆ ಕತ್ತರಿಸುತ್ತಿದ್ದವು. ಅಂಥ ಅಕ್ಷರಗಳನ್ನು ಅವರು ಕೆಟ್ಟ ಅಕ್ಷರಗಳೆಂದೇ ಪಟ್ಟಿ ಮಾಡಿಟ್ಟುಕೊಂಡರು. ಪಟ್ಟಿ ಮಾಡಲು ಸಾಧ್ಯವಾದದ್ದು ಕೋಷ್ಟಕ ಬಹಿರಂಗವಾಗಿದ್ದುದರಿಂದ.

ಇದೇ ಸೆಟ್ಟಿಂಗ್ ನಮ್ಮ ಕಡತದ ಮೇಲೆ ಏನು ಮಾಡುತ್ತದೆ ನೋಡಿ. ನುಡಿಯಲ್ಲಿ ‘ಪಾ’ ಎಂಬುದು 165 ಮತ್ತು 193 ಎಂಬ ಎರಡು ಸಂಖ್ಯೆ. ಅದನ್ನು ಸರಳ ಪಠ್ಯ ಕಡತವಾಗಿ ಉಳಿಸಿ ಚೀನಾದ ವಿಂಡೋಸಿಗೆ ಕೊಟ್ಟರೆ, ಆ ಎರಡನ್ನೂ ಜೋಡಿಯಾಗಿ ಓದಿ ಅದು ತೋರಿಸುವುದು ‘ಚಿ’ ಎಂಬ ಉಚ್ಚಾರದ ಒಂದು ಜಪಾನಿ ಅಕ್ಷರವನ್ನು. ಚೀನಾದ 1980ರ ಪಟ್ಟಿಯಲ್ಲಿ ಜಪಾನಿ ಅಕ್ಷರಗಳಿಗೂ ಜಾಗವಿತ್ತು. ಲೊಕೇಲ್ ಬದಲಿಸಿದಂತೆಲ್ಲ ಯೆನ್ ಹೋಗಿ ಚಿ ಬರುತ್ತದೆ, ಚಿ ಹೋಗಿ ಇನ್ನೇನೋ ಬರುತ್ತದೆ, ‘ಪಾ’ ಮಾತ್ರ ಯಾವತ್ತೂ ಬರುವುದಿಲ್ಲ. ಹಾಗಾದರೆ ಕನ್ನಡವೆಂಬ ಲೊಕೇಲನ್ನು ಆಯ್ದುಕೊಂಡರಾಯಿತಲ್ಲ ಎಂದರೆ, ವಿಂಡೋಸಿನಲ್ಲಿ ಕನ್ನಡಕ್ಕೆ ಅಂಥ ಹಳೆಯ ಕೋಷ್ಟಕದ ಸ್ಥಾನವೇ ಇಲ್ಲ. ಕನ್ನಡ, ತೆಲುಗು, ಹಿಂದಿ ಮೊದಲಾದ ಭಾರತೀಯ ಭಾಷೆಗಳನ್ನು ಅದು ಯೂನಿಕೋಡ್ ಮಾತ್ರದ ಭಾಷೆಗಳೆಂದು ಎಣಿಸುತ್ತದೆ. 57008 ಎಂಬ ಸಂಖ್ಯೆಯೊಂದು ಕನ್ನಡದ ಹೆಸರಿನಲ್ಲಿ ಇದೆ, ನಿಜ. ಅದು ಭಾರತ ಸರ್ಕಾರದ ಇಸ್ಕಿ ಸಂಕೇತಕ್ಕೆ ಸಂಬಂಧಿಸಿದ್ದು, ಬರಹವನ್ನು ಪರಿವರ್ತಿಸಲು ಬರುತ್ತದೆಯೇ ಹೊರತು ಕಂಪ್ಯೂಟರಿನ ಸಿಸ್ಟಂ ಲೊಕೇಲ್ ಆಗಲಾರದು. ನುಡಿ, ಬರಹ, ಶ್ರೀಲಿಪಿ, ಆಕೃತಿ ಎಂಬ ತಂತ್ರಾಂಶಗಳ ಪಟ್ಟಿಗಳಂತೂ ಅಲ್ಲಿ ಇಲ್ಲವೇ ಇಲ್ಲ.

ಹೀಗೇಕಾಯಿತು ಎಂದು ಕೇಳಿದರೆ ಸುಲಭವಾಗಿ ಬರುವ ಉತ್ತರ ಮಾರುಕಟ್ಟೆ: ಜಪಾನ್, ಕೊರಿಯಾ ಶ್ರೀಮಂತ ದೇಶಗಳು, ಕಂಪನಿಗಳು ಅವರಿಗಾಗಿ ಪ್ರತ್ಯೇಕ ಆವೃತ್ತಿ ಮಾಡಿದವು, ನಮ್ಮನ್ನು ಯಾರು ಕೇಳುತ್ತಾರೆ ಎಂಬುದು. ಅದರಲ್ಲಿ ಸತ್ಯಾಂಶವಿದೆ, ಆದರೆ ಪೂರ್ಣ ಸತ್ಯವಿಲ್ಲ. ಐಐಟಿ ಕಾನ್ಪುರದಲ್ಲಿ ಮೊಳೆತು ಪುಣೆಯ ಸಿ-ಡ್ಯಾಕ್‌ನಲ್ಲಿ ಬೆಳೆದ ಜಿಸ್ಟ್ ಎಂಬ ಭಾರತೀಯ ಲಿಪಿಗಳ ತಂತ್ರಜ್ಞಾನ ನಮ್ಮದೇ. ಭಾರತೀಯ ಲಿಪಿಗಳೆಲ್ಲಕ್ಕೂ ಒಂದೇ ಚೌಕಟ್ಟು ಹಾಕಿದ ಇಸ್ಕಿ 1991ರಲ್ಲಿ ರಾಷ್ಟ್ರೀಯ ಶಿಷ್ಟತೆಯಾಯಿತು. ಅದೇ ವರ್ಷ ಬಂದ ಯೂನಿಕೋಡಿನ ಮೊದಲ ಆವೃತ್ತಿ ಇಸ್ಕಿಯ 1988ರ ರೂಪವನ್ನು ಆಧರಿಸಿ ಕನ್ನಡಕ್ಕೆ ಜಾಗ ಕೊಟ್ಟಿತು. ಅಂದರೆ ವಿಂಡೋಸ್ ಊರೂರಿಗೆ ಬರುವ ಮೊದಲೇ ಕನ್ನಡಕ್ಕೆ ಬಹಿರಂಗ ಪಟ್ಟಿ ಇತ್ತು. ಆದರೆ ಡಿಟಿಪಿ ಮೇಜಿನ ಮೇಲೆ ಅದು ಕೆಲಸಕ್ಕೆ ಬರಲಿಲ್ಲ. ಪೇಜ್‌ಮೇಕರ್‌ನಲ್ಲಿ ಕೂತು ಮದುವೆಯ ಕರೆಯೋಲೆ ಮಾಡುವವರಿಗೆ ಬೇಕಾದದ್ದು ಇವತ್ತು ಸಂಜೆಯೊಳಗೆ ಒತ್ತಕ್ಷರ ಸರಿಯಾಗಿ ಕೂರುವ ಅಚ್ಚು. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚೂರುಗಳನ್ನು ಕೂರಿಸಿದ ಫಾಂಟುಗಳು ಅದನ್ನು ಕೊಟ್ಟವು. 1998ರಲ್ಲಿ ಬಂದ ಬರಹ, ಆಮೇಲೆ ಕನ್ನಡ ಗಣಕ ಪರಿಷತ್ತಿನ ನುಡಿ, ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸ ಇವೆಲ್ಲ ಕನ್ನಡವನ್ನು ಕಂಪ್ಯೂಟರಿನಲ್ಲಿ ಉಳಿಸಿದವು. ಭೂಮಿ ಯೋಜನೆಯಡಿ 177 ತಾಲ್ಲೂಕುಗಳಲ್ಲಿ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಇಳಿದ ಹೊತ್ತಿನಲ್ಲಿ, ತಾಲ್ಲೂಕು ಕೇಂದ್ರಗಳಲ್ಲಿ ಕನ್ನಡ ಟೈಪು ಮಾಡಬಲ್ಲ ಒಂದು ತಲೆಮಾರನ್ನು ಬೆಳೆಸಿದ್ದು ಇಂಥ ತಂತ್ರಾಂಶಗಳೇ. ಅವನ್ನು ರೂಪಿಸಿದವರ ಬಗ್ಗೆ ನನಗೆ ಗೌರವವಿದೆ. ಅವರು ಅಂದಿನ ಕೊರತೆಗೆ ಅಂದಿನ ಉತ್ತರ ಕೊಟ್ಟರು. ಆ ಉತ್ತರವನ್ನು ಇಂದಿಗೂ ಹಿಡಿದುಕೊಂಡಿರುವುದು ನಮ್ಮ ತಪ್ಪು.

ಪೂರ್ವ ಏಷ್ಯಾವೂ ಕನ್ನಡವೂ ಒಂದೇ ಕಿಟಕಿಯಲ್ಲಿ ಅಕ್ಕಪಕ್ಕ ನಿಂತದ್ದು ವಿಂಡೋಸ್ ಎಕ್ಸ್‌ಪಿಯಲ್ಲಿ. 2001ರ ಆ ಆವೃತ್ತಿಯಲ್ಲಿ ತುಂಗಾ ಎಂಬ ಕನ್ನಡ ಫಾಂಟು ಬಂದಿತು, ಯೂನಿಕೋಡ್ ಕನ್ನಡ ಸಾಧ್ಯವಾಯಿತು. ಆದರೆ ಅದು ತಾನಾಗಿ ಕೆಲಸ ಮಾಡುತ್ತಿರಲಿಲ್ಲ. ಭಾಷಾ ಆಯ್ಕೆಗಳ ಪುಟದಲ್ಲಿ ಎರಡು ಚೌಕಗಳಿದ್ದವು: ಮೊದಲನೆಯದು ಸಂಕೀರ್ಣ ಲಿಪಿಗಳಿಗೆ, ಎರಡನೆಯದು ಪೂರ್ವ ಏಷ್ಯಾದ ಭಾಷೆಗಳಿಗೆ. ಕನ್ನಡಕ್ಕೆ ಬೇಕಾದದ್ದು ಮೊದಲನೆಯದು, ಡಿಸ್ಕಿನಲ್ಲಿ ಅದು ಬೇಡುತ್ತಿದ್ದ ಜಾಗ ಸುಮಾರು 10 ಎಂಬಿ. ಎರಡನೆಯದಕ್ಕೆ ಸುಮಾರು 230 ಎಂಬಿ. ಚೌಕಕ್ಕೆ ಗುರುತು ಹಾಕಿದ ಕೂಡಲೇ ಕಂಪ್ಯೂಟರ್ ಎಕ್ಸ್‌ಪಿಯ ಸಿಡಿ ಕೇಳುತ್ತಿತ್ತು, ಮತ್ತೆ ಮುಚ್ಚಿ ತೆರೆಯಬೇಕಿತ್ತು. ಜಪಾನ್, ಚೀನಾ, ಕೊರಿಯಾದ ಆವೃತ್ತಿಗಳಲ್ಲಿ ಅವರವರ ಭಾಷೆಯ ಕಡತಗಳು ಕಾರ್ಖಾನೆಯಿಂದಲೇ ಕೂತು ಬರುತ್ತಿದ್ದವು. ಭಾರತದಲ್ಲಿ ಮಾರಾಟವಾದ ಇಂಗ್ಲಿಷ್ ಆವೃತ್ತಿಯಲ್ಲಿ ಕನ್ನಡದ ಚೌಕ ಖಾಲಿ. ಹೀಗೆ ಹತ್ತು ಎಂಬಿಯ ಒಂದು ಗುರುತಿಗಾಗಿ ‘ಯೂನಿಕೋಡ್ ಕನ್ನಡ ಸರಿಯಾಗಿ ಬರಲ್ಲ’ ಎಂಬ ಅಭಿಪ್ರಾಯ ಬೇರೂರಿತು. ವಿಂಡೋಸ್ ವಿಸ್ತಾದಿಂದಾಚೆಗೆ ಆ ಚೌಕವೇ ಮಾಯವಾಗಿ ಕನ್ನಡ ತಾನಾಗಿಯೇ ಸಿದ್ಧವಾಗಿರುತ್ತದೆ. ಅಭಿಪ್ರಾಯ ಮಾತ್ರ ಉಳಿದುಕೊಂಡಿದೆ.

ಹಾಗಾದರೆ ಮುಂದಿರುವ ಕಡತದಲ್ಲಿ ಯಾವ ದೋಷವಿದೆ ಎಂದು ಹೇಗೆ ತಿಳಿಯುವುದು? ನಾಡಿ ಹಿಡಿದು ರೋಗ ಹೇಳುವಂತೆ, ಕೆಟ್ಟ ಅಕ್ಷರದ ಚಹರೆಯೇ ಇಲ್ಲಿ ಸಾಕ್ಷಿ. ದೊಡ್ಡ ಪಿ, ಯೆನ್, ಪೌಂಡ್, ತಲೆಯ ಮೇಲೆ ಓರೆಗೆರೆ ಹೊತ್ತ ದೊಡ್ಡ ಎ ಇವು ಮತ್ತೆ ಮತ್ತೆ ಕಂಡರೆ ಅದು ನುಡಿ ಮಾದರಿಯ ಹಳೆಯ ಬರಹ. ಫಾಂಟು ಹಾಕಿದರೆ ಕಣ್ಣಿಗೆ ಸರಿಯಾಗಿ ಕಾಣುತ್ತದೆ, ಆದರೆ ಒಳಗೆ ಅದು ಕನ್ನಡವಾಗುವುದಿಲ್ಲ, ಪರಿವರ್ತಿಸಲೇಬೇಕು. ಓರೆಗೆರೆ ಹೊತ್ತ ಚಿಕ್ಕ ಎ, ಅದರ ಬೆನ್ನಿಗೇ ಪುಟ್ಟ ಎರಡು ಅಥವಾ ಪುಟ್ಟ ಮೂರು, ಹೀಗೆ ಎರಡೇ ಗುರುತು ಸಾಲುಸಾಲಾಗಿ ಬರುತ್ತಿದ್ದರೆ ಸಂತೋಷಪಡಬೇಕು. ಅದು ಒಳ್ಳೆಯ ಯೂನಿಕೋಡ್ ಕನ್ನಡವೇ. ಯುಟಿಎಫ್-8 ವಿಧಾನದಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟು, ಅವುಗಳಲ್ಲಿ ಮೊದಲನೆಯದು ಯಾವಾಗಲೂ ಒಂದೇ. ಅದನ್ನು ಯುರೋಪಿನ ಕೋಷ್ಟಕದಲ್ಲಿ ಓದಿದಾಗ ಆ ಎ ಬರುತ್ತದೆ. ಎಕ್ಸೆಲ್‌ನಲ್ಲಿ ಸಿಎಸ್‌ವಿ ಕಡತವನ್ನು ನೇರವಾಗಿ ಎರಡು ಸಲ ಕ್ಲಿಕ್ಕಿಸಿ ತೆರೆದಾಗ ಇದು ಸಾಮಾನ್ಯ; ಡೇಟಾ ಪುಟದಿಂದ ಆಮದು ಮಾಡಿಕೊಂಡು ಯುಟಿಎಫ್-8 ಎಂದು ಹೇಳಿದರೆ ಎಲ್ಲವೂ ಮರಳಿ ಬರುತ್ತದೆ. ಇದೊಂದೇ ಸಂದರ್ಭದಲ್ಲಿ ನಮ್ಮ ಸ್ಥಿತಿ ಜಪಾನಿನ ಮೊಜಿಬಾಕೆಗೆ ಸಮ. ಚೌಕ ಡಬ್ಬಿಗಳು ಕಂಡರೆ ಫಾಂಟಿನ ಕೊರತೆ. ಬರಹದ ಸಂಕೇತ ಸರಿಯಿದೆ, ಬಿಡಿಸಲು ಚಿತ್ರವಿಲ್ಲ. ಸ್ವರಚಿಹ್ನೆಯ ಪಕ್ಕ ಚುಕ್ಕಿ ಚುಕ್ಕಿಯ ವೃತ್ತ ಕಂಡರೆ ಟೈಪು ಮಾಡಿದ ಅನುಕ್ರಮದಲ್ಲಿ ತಪ್ಪಿದೆ, ವ್ಯಂಜನಕ್ಕೆ ಮೊದಲೇ ಗುಣಿತ ಬಿದ್ದಿದೆ. ಕೊನೆಯದು ಪ್ರಶ್ನಾರ್ಥಕ ಚಿಹ್ನೆಗಳ ಸಾಲು, ಅದು ಸಾವಿನ ಸುದ್ದಿ. ಯೂನಿಕೋಡ್ ಕನ್ನಡವನ್ನು ನೋಟ್‌ಪ್ಯಾಡಿನಲ್ಲಿ ಆನ್ಸಿ, ಅಂದರೆ ಹಳೆಯ ಕೋಷ್ಟಕದ ರೂಪದಲ್ಲಿ, ಉಳಿಸಿದರೆ, ಅಥವಾ ಎಕ್ಸೆಲ್‌ನಲ್ಲಿ ಹಳೆಯ ಸಾದಾ ಸಿಎಸ್‌ವಿ ಆಯ್ಕೆ ಬಳಸಿದರೆ, ಕೋಷ್ಟಕದಲ್ಲಿಲ್ಲದ ಪ್ರತಿ ಅಕ್ಷರವೂ ಪ್ರಶ್ನಾರ್ಥಕವಾಗಿ ಬದಲಾಗಿ ಡಿಸ್ಕಿಗೆ ಹೋಗುತ್ತದೆ. ಅಲ್ಲಿಂದ ವಾಪಸು ತರುವ ಯಾವ ಸಾಧನವೂ ಇಲ್ಲ. ಶಾಲೆಯೊಂದರ ಮಕ್ಕಳ ಹೆಸರಿನ ಪಟ್ಟಿ ಹೀಗೆ ಪ್ರಶ್ನೆಗಳ ಪಟ್ಟಿಯಾಗುವುದು ಒಂದು ಕ್ಲಿಕ್ಕಿನ ಕೆಲಸ. ಎಚ್ಚರಿಕೆಯ ಕಿಟಕಿ ಬರುತ್ತದೆ, ಇಂಗ್ಲಿಷಿನಲ್ಲಿ.

ಫಾಂಟು ಹಾಕಿದರೆ ಕಾಣುತ್ತದೆ, ಅಚ್ಚಾಗುತ್ತದೆ, ಇನ್ನೇನು ಬೇಕು ಎಂಬುದು ಈ ವಾದಕ್ಕೆ ಎದುರಾಗುವ ಮೊದಲ ಪ್ರಶ್ನೆ. ಅಚ್ಚಿಗಾಗಿಯೇ ಹುಟ್ಟಿ ಅಚ್ಚಿನೊಂದಿಗೆ ಮುಗಿಯುವ ಕರಪತ್ರಕ್ಕೆ ಇನ್ನೇನೂ ಬೇಡ ಎಂದು ನಾನೂ ಒಪ್ಪುತ್ತೇನೆ. ಆದರೆ ಪಟ್ಟಿ, ದಾಖಲೆ, ನಡಾವಳಿ ಇವು ಹಾಗಲ್ಲ. ಅವನ್ನು ಹುಡುಕಬೇಕು, ಅಕಾರಾದಿಯಾಗಿ ಜೋಡಿಸಬೇಕು. ನಾಲ್ಕು ತಾಲ್ಲೂಕಿನ ಹೆಸರುಗಳನ್ನೇ ತೆಗೆದುಕೊಳ್ಳಿ. ಕನ್ನಡದ ಕ್ರಮ ಕೊರಟಗೆರೆ, ಪಾವಗಡ, ಮಧುಗಿರಿ, ಶಿರಾ. ಭಾಷೆಯ ನಿಯಮದಂತೆ ವಿಂಗಡಿಸುವ ತಂತ್ರಾಂಶ ಹಣದ ಗುರುತುಗಳನ್ನು ಮೊದಲು, ಅಂಕಿಗಳನ್ನು ಆಮೇಲೆ, ಅಕ್ಷರಗಳನ್ನು ಕೊನೆಗೆ ಇಡುತ್ತದೆ. ನುಡಿಯ ಬರಹವನ್ನು ಅದಕ್ಕೆ ಕೊಟ್ಟರೆ ಯೆನ್‌ನಿಂದಾಗಿ ಪಾವಗಡ ಮೊದಲು, ಪುಟ್ಟ ಎರಡರಿಂದಾಗಿ ಶಿರಾ ಎರಡನೆಯದು, ಪುಟ್ಟ ಎ ಅಕ್ಷರದಿಂದಾಗಿ ಮಧುಗಿರಿ ಮೂರನೆಯದು, ದೊಡ್ಡ ಪಿ ಹೊತ್ತ ಕೊರಟಗೆರೆ ಕೊನೆಗೆ. ಬರೀ ಸಂಖ್ಯೆಯ ಬೆಲೆಯಂತೆ ಜೋಡಿಸಿದರೆ ಈ ನಾಲ್ಕು ಹೆಸರು ಅದೃಷ್ಟವಶಾತ್ ಸರಿಯಾಗಿ ನಿಲ್ಲುತ್ತವೆ. ಆ ಅದೃಷ್ಟ ಮುಂದೆ ನಡೆಯದು: ‘ಯ’ ಅಕ್ಷರವನ್ನು ನುಡಿ ದೊಡ್ಡ ಎ ಅಕ್ಷರದಿಂದ ಶುರುಮಾಡುವುದರಿಂದ ತರಗತಿಯ ಹಾಜರಿಯಲ್ಲಿ ಯಕಾರದ ಮಕ್ಕಳು ಕಕಾರದವರಿಗಿಂತ ಮುಂದೆ ಬರುತ್ತಾರೆ, ರಕಾರದವರು ಪಕಾರದವರಿಗಿಂತ ಮುಂದೆ. ಯೂನಿಕೋಡಿನಲ್ಲಿ ಕನ್ನಡದ ಮೂಲಾಕ್ಷರಗಳು 3200ರಿಂದ 3327ರವರೆಗಿನ 128 ಸ್ಥಾನಗಳ ಕೇರಿಯಲ್ಲಿ ಬಹುಪಾಲು ವರ್ಣಮಾಲೆಯ ಕ್ರಮದಲ್ಲೇ ಕೂತಿವೆ: ಕ 3221, ಪ 3242, ಮ 3246, ಶ 3254.

ಕಷ್ಟದ ಇನ್ನೊಂದು ಮುಖ ಕೊರಟಗೆರೆ ತಾಲ್ಲೂಕಿನ ಚನ್ನರಾಯನದುರ್ಗದಲ್ಲಿದೆ. ‘ದುರ್ಗ’ ಎಂದು ಕೈಯಲ್ಲಿ ಬರೆಯುವಾಗ ನಾವು ದು, ಗ ಬರೆದು ಕೊನೆಗೆ ಅರ್ಕಾವತ್ತಿನ ಕೊಕ್ಕೆ ಹಾಕುತ್ತೇವೆ. ನುಡಿಯ ಕಡತದಲ್ಲೂ ಹಾಗೆಯೇ, ಕೊಕ್ಕೆಯ ಸಂಖ್ಯೆ ಗಕಾರದ ನಂತರ ಬರುತ್ತದೆ. ಯೂನಿಕೋಡ್ ಮಾತ್ರ ಉಚ್ಚಾರದ ದಾರಿ ಹಿಡಿಯುತ್ತದೆ: ದ, ಉಕಾರ, ರ, ವಿರಾಮ, ಗ. ಅಂದರೆ ಪರಿವರ್ತಿಸುವ ತಂತ್ರಾಂಶ ಒಂದೊಂದು ಸಂಖ್ಯೆಗೆ ಒಂದೊಂದು ಸಂಖ್ಯೆ ಕೊಟ್ಟರೆ ಸಾಲದು. ಕೊಕ್ಕೆ ಕಂಡಾಗ ಹಿಂದಕ್ಕೆ ಹೋಗಿ, ಇಡೀ ಅಕ್ಷರಕ್ಕೂ ಮೊದಲು ರೇಫವನ್ನು ನಿಲ್ಲಿಸಿ ಬರಬೇಕು. ಅರೆಬರೆ ಪರಿವರ್ತಕಗಳು ಎಡವುವುದು ಇಲ್ಲೇ. ಮಕಾರಕ್ಕೆ ಮೂರು ಸಂಖ್ಯೆ, ಧುಕಾರಕ್ಕೆ ನಾಲ್ಕು, ಗಿ ಮತ್ತು ರಿಗೆ ಒಂದೊಂದೇ, ಹೀಗೆ ಮಧುಗಿರಿಗೆ ನುಡಿಯಲ್ಲಿ ಒಂಬತ್ತು ಸಂಖ್ಯೆ, ಯೂನಿಕೋಡಿನಲ್ಲಿ ಏಳು. ಕೊರಟಗೆರೆಗೆ ಹತ್ತು ಮತ್ತು ಎಂಟು. ಪರಿವರ್ತನೆಯಲ್ಲಿ ತಪ್ಪುಗಳಾಗುತ್ತವೆ, ಸರ್ಕಾರಿ ದಾಖಲೆಯಲ್ಲಿ ಅದು ಅಪಾಯ, ಆದ್ದರಿಂದ ಹಳೆಯದನ್ನು ಮುಟ್ಟದಿರುವುದೇ ಲೇಸು ಎನ್ನುವವರ ಆತಂಕ ಹುಸಿಯಲ್ಲ. ಅದಕ್ಕೆ ಉತ್ತರ ಮೂಲ ಕಡತವನ್ನು ಅಳಿಸದೆ, ಅದರ ಪಕ್ಕದಲ್ಲಿ ಪರಿವರ್ತಿತ ಪ್ರತಿಯನ್ನಿಟ್ಟು ತಾಳೆ ನೋಡುವುದು. ಮುಟ್ಟದೆ ಬಿಟ್ಟರೆ ಆಗುವ ನಷ್ಟ ಇನ್ನೂ ದೊಡ್ಡದು. ಆ ಫಾಂಟನ್ನೂ ಅದರ ಪಟ್ಟಿಯನ್ನೂ ಬಲ್ಲವರು ಕಡಿಮೆಯಾಗುತ್ತ ಹೋದಂತೆ ಕಡತ ಇದ್ದೂ ಇಲ್ಲದಂತಾಗುತ್ತದೆ.

ಈಗ ಎಲ್ಲರ ಕೈಯಲ್ಲೂ ಮೊಬೈಲ್ ಇದೆ, ಅದರಲ್ಲಿ ಬರುವುದೆಲ್ಲ ಯೂನಿಕೋಡ್ ಕನ್ನಡ, ಸಮಸ್ಯೆ ತಾನಾಗಿ ಕರಗಿಹೋಗುತ್ತದೆ ಎಂಬ ಮಾತೂ ಇದೆ. ಹೊಸ ಬರಹದ ಮಟ್ಟಿಗೆ ಇದು ಬಹುಪಾಲು ನಿಜ. ಆದರೆ ಮೊಬೈಲಿನಲ್ಲಿ ಬಂದ ಬರಹ ಮುದ್ರಣಕ್ಕೆ ಹೋಗುವಾಗ ಅನೇಕ ಕಡೆ ಇಂದಿಗೂ ಯೂನಿಕೋಡಿನಿಂದ ನುಡಿಗೆ ಇಳಿಯುತ್ತದೆ. ಕಾರಣ ಪೇಜ್‌ಮೇಕರ್. ಅದರ ಕೊನೆಯ ಮುಖ್ಯ ಆವೃತ್ತಿ 2001ರದ್ದು, ಅದಕ್ಕೆ ಯೂನಿಕೋಡ್ ತಿಳಿಯದು. ಇನ್‌ಡಿಸೈನ್ 2012ರ ಸಿಎಸ್6 ಆವೃತ್ತಿಯಲ್ಲೇ ಭಾರತೀಯ ಲಿಪಿಗಳನ್ನು ಜೋಡಿಸುವುದನ್ನು ಕಲಿಯಿತು. ಅಲ್ಲಿಯೂ ಒಂದು ಸೆಟ್ಟಿಂಗ್ ಇದೆ: ಪ್ಯಾರಾಗ್ರಾಫ್ ಕಂಪೋಸರ್‌ಗಳಲ್ಲಿ ವರ್ಲ್ಡ್-ರೆಡಿ ಎಂಬುದನ್ನು ಆಯ್ದುಕೊಳ್ಳದಿದ್ದರೆ ಒತ್ತಕ್ಷರಗಳು ಬಿಡಿಬಿಡಿಯಾಗಿ ಬೀಳುತ್ತವೆ. ಈ ಒಂದು ಆಯ್ಕೆ ಗೊತ್ತಿಲ್ಲದೆ ‘ಇನ್‌ಡಿಸೈನ್‌ನಲ್ಲಿ ಕನ್ನಡ ಬರಲ್ಲ’ ಎಂದು ಪೇಜ್‌ಮೇಕರ್‌ಗೆ ಮರಳುವುದು, ಎಕ್ಸ್‌ಪಿಯ ಚೌಕದ ಕತೆಯೇ ಮತ್ತೊಮ್ಮೆ ನಡೆದಂತೆ. ವಿಂಡೋಸ್ 10ರಲ್ಲಿ ತುಂಗಾ ಫಾಂಟು ಐಚ್ಛಿಕ ಭಾಗವಾಯಿತು, ಕನ್ನಡಕ್ಕೆ ನಿರ್ಮಲಾ ಯುಐ ಮೂಲ ಫಾಂಟು. ಜಪಾನಿನ ಎಂಎಸ್ ಮಿಂಚೊ ಫಾಂಟಿಗೂ ಇದೇ ಆಯಿತು. ತುಂಗಾದಲ್ಲಿ ಮಾಡಿದ ಹಳೆಯ ಪ್ರಮಾಣಪತ್ರದ ಸಾಲುಗಳು ಹೊಸ ಕಂಪ್ಯೂಟರಿನಲ್ಲಿ ಜರುಗಿದ್ದರೆ ಆಪ್ಷನಲ್ ಫೀಚರ್ಸ್ ಪುಟದಿಂದ ಕನ್ನಡದ ಪೂರಕ ಫಾಂಟುಗಳನ್ನು ಹಾಕಿಕೊಂಡರೆ ಸಾಕು, ಫಾರ್ಮ್ಯಾಟ್ ಬೇಡ. ಕೀಲಿಮಣೆಯೂ ಹಾಗೆಯೇ. ವಿಂಡೋಸ್ ಮೊದಲಿನಿಂದ ಕೊಡುತ್ತಿರುವ ಕನ್ನಡ ಕೀಲಿಮಣೆ ಇನ್‌ಸ್ಕ್ರಿಪ್ಟ್ ವಿನ್ಯಾಸದ್ದು, ಕೆ.ಪಿ. ರಾವ್ ವಿನ್ಯಾಸದಲ್ಲಿ ಬೆರಳು ಪಳಗಿದವರಿಗೆ ಅಲ್ಲಿ ಅಕ್ಷರಗಳು ಅಡ್ಡಾದಿಡ್ಡಿ ಬಿದ್ದಂತೆ ತೋರುತ್ತದೆ. ಅದು ದೋಷವಲ್ಲ, ಬೇರೆ ಪಾಠ. ನುಡಿಯ ಹೊಸ ಆವೃತ್ತಿಗಳಲ್ಲಿ ಹಳೆಯ ವಿನ್ಯಾಸದಲ್ಲೇ ಯೂನಿಕೋಡ್ ಟೈಪು ಮಾಡಬಹುದು. ಬೆರಳಿನ ಅಭ್ಯಾಸ ಬಿಡದೆಯೇ ಸಂಕೇತವನ್ನು ಬದಲಿಸಬಹುದು ಎಂಬುದು ಎಲ್ಲ ಟೈಪಿಸ್ಟರಿಗೂ ಗೊತ್ತಾಗಬೇಕಾದ ವಿಷಯ.

ಇಲ್ಲಿ ಒಂದು ಎಚ್ಚರಿಕೆ. 2018ರಿಂದ ವಿಂಡೋಸ್ 10ರ ಅದೇ ಸಿಸ್ಟಂ ಲೊಕೇಲ್ ಕಿಟಕಿಯಲ್ಲಿ, ಲೋಕದ ಎಲ್ಲ ಭಾಷೆಗಳಿಗೆ ಯುಟಿಎಫ್-8 ಬಳಸು ಎಂಬ ಬೀಟಾ ಚೌಕವೊಂದು ಸೇರಿದೆ. ಹೆಸರು ಕೇಳಿದರೆ ಕನ್ನಡದ ಸರ್ವರೋಗಕ್ಕೂ ಮದ್ದು ಅನ್ನಿಸುತ್ತದೆ. ನುಡಿಯ ಹಳೆಯ ಕಡತಕ್ಕೆ ಅದರಿಂದ ಎಳ್ಳಷ್ಟೂ ಉಪಕಾರವಿಲ್ಲ, ಏಕೆಂದರೆ ಯಂತ್ರದ ದೃಷ್ಟಿಯಲ್ಲಿ ಅದು ಯುರೋಪಿನ ಅಕ್ಷರಗಳ ಬರಹ. ಮೇಲಾಗಿ ಯುರೋಪಿನ ಹಳೆಯ ಕೋಷ್ಟಕವನ್ನು ನಂಬಿಕೊಂಡ ಹಳೆಯ ಪ್ರೋಗ್ರಾಮುಗಳು, ಅಂದರೆ ನಮ್ಮ ಹಳೆಯ ಫಾಂಟುಗಳು ಓಡುವ ಪ್ರೋಗ್ರಾಮುಗಳೇ, 128ರ ಮೇಲಿನ ಸಂಖ್ಯೆಗಳಲ್ಲಿ ಮುಗ್ಗರಿಸುತ್ತವೆ. ಯೆನ್ ಗುರುತಾದರೂ ಇದ್ದ ಕಡೆ ಏನೂ ಇಲ್ಲದಂತಾಗುತ್ತದೆ. ಪೂರ್ವ ಏಷ್ಯಾದ ಬಳಕೆದಾರರಿಗೆ ಬರೆದ ಸಲಹೆಯನ್ನು ಓದಿ ಇಲ್ಲಿ ಲೊಕೇಲ್ ಬದಲಿಸುವುದರಲ್ಲೂ ಇದೇ ತೊಂದರೆ. ಆ ಸೆಟ್ಟಿಂಗ್ ಇಡೀ ಯಂತ್ರಕ್ಕೆ ಅನ್ವಯ, ಒಂದನ್ನು ಸರಿಮಾಡಲು ಹೋಗಿ ಇನ್ನೊಂದನ್ನು ಕೆಡಿಸುತ್ತದೆ.

ವ್ಯವಸ್ಥೆಗೆ ಅಕ್ಷರ ಗೊತ್ತಿರುವುದರಿಂದ ಏನು ಲಾಭ ಎಂಬುದಕ್ಕೆ ಪಾವಗಡದವರಿಗೆ ಹತ್ತಿರದ ನಿದರ್ಶನ ತೆಲುಗಿನಲ್ಲಿದೆ. ಆಂಧ್ರದ ಗಡಿ ಬಹುಪಾಲು ಸುತ್ತುವರಿದಿರುವ ಆ ತಾಲ್ಲೂಕಿನಲ್ಲಿ ತೆಲುಗು ಅನೇಕರ ಮನೆಮಾತು. 2018ರ ಫೆಬ್ರುವರಿಯಲ್ಲಿ, ನಾವು ‘ಜ್ಞಾನ’ ಎಂದು ಬರೆಯುವಾಗ ಬಳಸುವ ಜ್ಞಾಕಾರದ ತೆಲುಗು ರೂಪ ಒಂದು ನಿರ್ದಿಷ್ಟ ಅನುಕ್ರಮದಲ್ಲಿ ಬಂದರೆ ಐಫೋನಿನ ಆ್ಯಪ್‌ಗಳು ಕುಸಿದು ಬೀಳುತ್ತಿದ್ದವು. ಯಾವ ಸೆಟ್ಟಿಂಗ್ ಬದಲಿಸಿದರೂ ಅದಕ್ಕೆ ಪರಿಹಾರವಿರಲಿಲ್ಲ. ಆದರೆ ಸುದ್ದಿ ಹರಡಿದ ಕೆಲವೇ ದಿನಗಳಲ್ಲಿ ಆ್ಯಪಲ್ ಐಒಎಸ್ 11.2.6 ಬಿಡುಗಡೆ ಮಾಡಿತು, ದೋಷ ಜಗತ್ತಿನಾದ್ಯಂತ ಒಮ್ಮೆಗೇ ಹೋಯಿತು. ಅದು ತೆಲುಗು ಅಕ್ಷರ ಎಂದು ವ್ಯವಸ್ಥೆಗೆ ಗೊತ್ತಿತ್ತು, ಆದ್ದರಿಂದ ತಪ್ಪು ಯಾರದು ಎಂಬುದೂ ಗೊತ್ತಾಯಿತು. ನುಡಿಯ ಹಳೆಯ ಕಡತದಲ್ಲಿ ಅರ್ಕಾವತ್ತು ತಪ್ಪಿದರೆ ದೂರು ಕೊಡಲು ವಿಳಾಸವೇ ಇಲ್ಲ. ವಿಂಡೋಸಿನ ಮಟ್ಟಿಗೆ ಅಲ್ಲಿ ಕನ್ನಡವೇ ಇರಲಿಲ್ಲ.

ಇದನ್ನೆಲ್ಲ ಬೆಂಗಳೂರಿನಲ್ಲಿ ಕೂತವರು ಮಾಡಬೇಕಾದ ಕೆಲಸ, ತಾಲ್ಲೂಕಿನವರ ಕೈಯಲ್ಲೇನಿದೆ ಎಂದು ಕೇಳಬಹುದು. ರಾಜ್ಯ ಸರ್ಕಾರ ಯೂನಿಕೋಡನ್ನು ಒಪ್ಪಿಕೊಂಡಾಗಿದೆ, ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಉಳಿದಿರುವುದು ಮೇಜಿನ ಮೇಲಿನ ಕೆಲಸವೇ. ವರ್ಡ್‌ನಲ್ಲಿ ಕೆಟ್ಟ ಸಾಲಿನ ಮೇಲೆ ಕರ್ಸರ್ ಇಟ್ಟರೆ, ಫಾಂಟು ಕಂಪ್ಯೂಟರಿನಲ್ಲಿ ಇಲ್ಲದಿದ್ದರೂ ಅದರ ಹೆಸರು ಮೇಲಿನ ಪಟ್ಟಿಯಲ್ಲಿ ಕಾಣುತ್ತದೆ. ಆ ಹೆಸರನ್ನು ಕಡತದ ಹೆಸರಿನಲ್ಲೇ ಬರೆದಿಟ್ಟರೆ ಮುಂದೆ ಪರಿವರ್ತಿಸುವವರ ಅರ್ಧ ಕೆಲಸ ಮುಗಿಯಿತು, ಏಕೆಂದರೆ ನುಡಿಗೊಂದು ಪಟ್ಟಿ, ಶ್ರೀಲಿಪಿಗೆ ಇನ್ನೊಂದು. ಹೊಸ ಕಡತಗಳು ಯೂನಿಕೋಡಿನಲ್ಲೇ ಹುಟ್ಟಬೇಕು, ಅಚ್ಚಿಗಾಗಿ ನುಡಿಗೆ ಇಳಿಸಿದ್ದು ಪ್ರತಿ ಮಾತ್ರ ಎಂದು ತಿಳಿಯಬೇಕು. ಶೈಕ್ಷಣಿಕ ಜಿಲ್ಲೆಯ ಕಂಪ್ಯೂಟರ್ ತರಬೇತಿಯಲ್ಲಿ ಟೈಪಿಂಗಿನ ಜೊತೆಗೆ ಮೇಲೆ ಹೇಳಿದ ಐದು ಚಹರೆಗಳನ್ನು ಗುರುತಿಸುವ ಒಂದು ಗಂಟೆ ಇರಬೇಕು. ಅನಗತ್ಯವಾಗಿ ಫಾರ್ಮ್ಯಾಟ್ ಆಗುವ ಕಂಪ್ಯೂಟರುಗಳು ಅದರಿಂದಲೇ ಉಳಿಯುತ್ತವೆ.

ಪರಿವರ್ತಕವನ್ನು ಪರೀಕ್ಷಿಸಲು ಹೊರಗಿನ ಮಾದರಿಯೂ ಬೇಡ, ಈ ನೆಲದ ಹೆಸರುಗಳೇ ಸಾಕು. ಅರ್ಕಾವತ್ತಿಗೆ ಚನ್ನರಾಯನದುರ್ಗ, ಒತ್ತಕ್ಷರಗಳಿಗೆ ಶಿರಾದ ಬುಕ್ಕಾಪಟ್ಟಣ ಮತ್ತು ಕಳ್ಳಂಬೆಳ್ಳ, ಮಹಾಪ್ರಾಣದ ಒತ್ತಿಗೆ ಸಿದ್ಧರಬೆಟ್ಟ, ದೀರ್ಘಕ್ಕೆ ಮಧುಗಿರಿಯ ಮಿಡಿಗೇಶಿ, ಐಕಾರಕ್ಕೆ ಪಾವಗಡದ ವೈ.ಎನ್. ಹೊಸಕೋಟೆ. ಈ ಹೆಸರುಗಳು ನುಡಿಯಿಂದ ಯೂನಿಕೋಡಿಗೆ ಹೋಗಿ, ಮರಳಿ ನುಡಿಗೆ ಬಂದು ಮೊದಲಿನಂತೆಯೇ ನಿಂತರೆ ಆ ಪರಿವರ್ತಕಕ್ಕೆ ಪಂಚಾಯಿತಿಯ ನಡಾವಳಿಯನ್ನು ನಂಬಿ ಕೊಡಬಹುದು. ಒಂದು ಹೆಸರು ಮಾತ್ರ ಈ ಪರೀಕ್ಷೆಯಲ್ಲಿ ಗೆದ್ದ ಮೇಲೂ ತೊಡಕಾಗಿ ಉಳಿಯುತ್ತದೆ. ಶಿರಾ ಎಂದೂ ಸಿರಾ ಎಂದೂ ಎರಡು ರೂಪಗಳು ಬಳಕೆಯಲ್ಲಿವೆ. ನುಡಿಯಲ್ಲಿ ‘ಶಿ’ ಪುಟ್ಟ ಎರಡು, ‘ಸಿ’ ಪುಟ್ಟ ಒಂದು. ಪರಿವರ್ತಕ ಎರಡನ್ನೂ ಇದ್ದ ಹಾಗೆಯೇ ಯೂನಿಕೋಡಿಗೆ ತರುತ್ತದೆ. ಇಲಾಖೆಗಳೆಲ್ಲ ಕೂತು ಒಂದು ರೂಪವನ್ನು ಒಪ್ಪಿ ಸುತ್ತೋಲೆ ಹೊರಡಿಸುವ ತನಕ, ಆ ಊರನ್ನು ದಾಖಲೆಗಳಲ್ಲಿ ಹುಡುಕುವವರು ಎರಡು ಸಲ ಹುಡುಕಬೇಕಾಗುತ್ತದೆ.